ದೂರದ ಸರ್ವರ್‌ಗೆ ನಿರ್ವಾಹಕ ಪ್ರವೇಶದ ತೊಂದರೆಗಳು

ದೂರದ ಸರ್ವರ್‌ಗೆ ನಿರ್ವಾಹಕ ಪ್ರವೇಶದ ತೊಂದರೆ ಎಂದರೆ, ಬೇರೊಂದು ಊರಿನಲ್ಲಿರುವ ಸರ್ವರ್ ಗಣಕವನ್ನು ಜಾಲದ ಮೂಲಕ ನಿಭಾಯಿಸುವ ಅಧಿಕಾರವುಳ್ಳ ವ್ಯಕ್ತಿಗೆ ಅದರೊಳಗೆ ಪ್ರವೇಶ ದೊರೆಯದಿರುವ ಸ್ಥಿತಿ. ಸಾಮಾನ್ಯ ಬಳಕೆದಾರನು ಗುಪ್ತಪದವನ್ನು ಮರೆತರೆ ನಿರ್ವಾಹಕನು ಹೊಸದನ್ನು ಕೊಡಬಲ್ಲನು. ನಿರ್ವಾಹಕನೇ ಹೊರಗುಳಿದರೆ ಅಂಥ ಮೇಲಿನವರು ಯಾರೂ ಇರುವುದಿಲ್ಲ. ಗಣಕವು ದೂರದಲ್ಲಿರುವುದರಿಂದ ಅದರ ಮುಂದೆ ಕುಳಿತು ಸರಿಪಡಿಸುವ ಅನುಕೂಲವೂ ಇರುವುದಿಲ್ಲ. ಈ ಎರಡು ಕಾರಣಗಳಿಂದ ಇದನ್ನು ಸಾಧಾರಣ ಲಾಗಿನ್ ತೊಂದರೆಗಳಿಂದ ಬೇರ್ಪಡಿಸಿ ನೋಡುವುದು ರೂಢಿಯಾಗಿದೆ.

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಇಂಥ ತೊಂದರೆಗಳೆಲ್ಲವೂ ಜನಸಾಮಾನ್ಯರಿಗೆ ‘ಸರ್ವರ್ ಇಲ್ಲ’ ಅಥವಾ ‘ಸರ್ವರ್ ಡೌನ್’ ಎಂಬ ಒಂದೇ ಮಾತಿನಲ್ಲಿ ತಲುಪುತ್ತವೆ. ಆ ಮಾತಿನ ಹಿಂದೆ ಕಡಿದ ತಂತಿ, ಅವಧಿ ಮುಗಿದ ಗುಪ್ತಪದ, ತಪ್ಪಾದ ಗಡಿಯಾರ, ತುಂಬಿದ ಡಿಸ್ಕ್ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಕಾರಣಗಳು ಅಡಗಿರಬಹುದು. ಪ್ರವೇಶವು ಯಾವ ಹಂತದಲ್ಲಿ ತಡೆಯಲ್ಪಟ್ಟಿದೆ ಎಂಬುದನ್ನು ನಿಶ್ಚಯಿಸಿಕೊಳ್ಳದೆ ಕೈಗೊಂಡ ಪರಿಹಾರವು ಹಲವು ಬಾರಿ ಮೂಲ ತೊಂದರೆಗಿಂತ ದೊಡ್ಡ ತೊಂದರೆಯನ್ನು ತರುತ್ತದೆ.

ಹಿನ್ನೆಲೆ

ದೂರದ ಗಣಕಕ್ಕೆ ಪ್ರವೇಶಿಸಲು ಮೊದಲು ಬಳಕೆಯಲ್ಲಿದ್ದ ಟೆಲ್ನೆಟ್ ಮುಂತಾದ ವಿಧಾನಗಳಲ್ಲಿ ಗುಪ್ತಪದವು ಯಾವ ಮರೆಯೂ ಇಲ್ಲದೆ ಜಾಲದಲ್ಲಿ ಹರಿಯುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳನ್ನು ಕದ್ದಾಲಿಸಿದ ಘಟನೆಯೊಂದು ನಡೆದ ನಂತರ, ಅಲ್ಲಿನ ಟಾಟು ಯುಲೊನೆನ್ ಅವರು ಸಂವಹನವನ್ನು ಗೂಢಲಿಪೀಕರಿಸುವ ಎಸ್‌ಎಸ್‌ಎಚ್ ಎಂಬ ವಿಧಾನವನ್ನು ರೂಪಿಸಿದರು. ಓಪನ್‌ಬಿಎಸ್‌ಡಿ ತಂಡವು 1999ರಲ್ಲಿ ಬಿಡುಗಡೆ ಮಾಡಿದ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶವು ಲಿನಕ್ಸ್ ಮತ್ತು ಯುನಿಕ್ಸ್ ಸರ್ವರ್‌ಗಳಲ್ಲಿ ಇಂದಿಗೂ ಪ್ರಧಾನವಾಗಿದ್ದು, ಸಾಮಾನ್ಯವಾಗಿ 22ನೆಯ ಪೋರ್ಟ್‌ನಲ್ಲಿ ಕೆಲಸ ಮಾಡುತ್ತದೆ. ವಿಂಡೋಸ್ ಸರ್ವರ್‌ಗಳಲ್ಲಿ 3389ನೆಯ ಪೋರ್ಟ್ ಬಳಸುವ ರಿಮೋಟ್ ಡೆಸ್ಕ್‌ಟಾಪ್ ಹೆಚ್ಚು ರೂಢಿಯಲ್ಲಿದೆ.

ಕರ್ನಾಟಕದಲ್ಲಿ ಮತ್ತು ಕೊಡಗಿನಲ್ಲಿ

ಪ್ರವೇಶದ ಪ್ರಶ್ನೆಯು ಆಡಳಿತದ ಪ್ರಶ್ನೆಯೂ ಆಗಿ ಪರಿಣಮಿಸಿದ ಪ್ರಸಿದ್ಧ ಉದಾಹರಣೆಯೆಂದರೆ ಕರ್ನಾಟಕದ ‘ಭೂಮಿ’ ಯೋಜನೆ. ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಕಾರ್ಯಗತಗೊಳಿಸಿದ ಈ ಯೋಜನೆಯಡಿ, 2000ದ ದಶಕದ ಆರಂಭದ ವೇಳೆಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ತಾಲ್ಲೂಕು ಕೇಂದ್ರದ ಕಿಯಾಸ್ಕ್‌ನಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿಯ ಪ್ರತಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವಾಯಿತು. ಅಂದರೆ, ಗಣಕದೊಳಗೆ ಪ್ರವೇಶಿಸಲಾರದ ದಿನ ಪಹಣಿಯೇ ಇಲ್ಲ ಎಂಬ ಸ್ಥಿತಿ ಅಂದಿನಿಂದ ಆರಂಭವಾಯಿತು.

ಈ ಯೋಜನೆಯ ವೈಶಿಷ್ಟ್ಯವೆಂದರೆ, ದಾಖಲೆ ತಿದ್ದುವ ಅಧಿಕಾರವುಳ್ಳ ನೌಕರರಿಗೆ ಕೇವಲ ಗುಪ್ತಪದವನ್ನು ನೀಡದೆ ಬೆರಳಚ್ಚಿನ ಮೂಲಕ ಪ್ರವೇಶಿಸುವ ವ್ಯವಸ್ಥೆಯನ್ನು ಅಳವಡಿಸಿದುದು. ಗುಪ್ತಪದವನ್ನು ಮತ್ತೊಬ್ಬರಿಗೆ ಹೇಳಬಹುದು, ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಬಹುದು, ಮುಂದೆ ವಿಚಾರಣೆ ನಡೆದಾಗ ‘ನಾನು ಮಾಡಿಲ್ಲ’ ಎನ್ನಲೂಬಹುದು. ಬೆರಳಚ್ಚಿನಲ್ಲಿ ಈ ಮೂರಕ್ಕೂ ಅವಕಾಶ ಕಡಿಮೆ. ಆದರೆ ಅದೇ ಗುಣವು ತೊಂದರೆಯ ಸಮಯದಲ್ಲಿ ಅಡ್ಡಿಯಾಗುತ್ತದೆ: ಬೆರಳು ಗಾಯಗೊಂಡರೆ, ಒದ್ದೆಯಾಗಿದ್ದರೆ, ಸವೆದಿದ್ದರೆ ಅಥವಾ ಓದುವ ಸಾಧನದ ಗಾಜು ಮಸುಕಾದರೆ ಪ್ರವೇಶ ನಿಲ್ಲುತ್ತದೆ, ಮತ್ತು ಅದನ್ನು ದೂರವಾಣಿಯಲ್ಲಿ ಕೇಳಿ ಪಡೆಯಲು ಸಾಧ್ಯವಿಲ್ಲ. ಬೆರಳಚ್ಚನ್ನು ಆಧರಿಸಿದ ಯಾವುದೇ ವ್ಯವಸ್ಥೆಯಲ್ಲಿ ಒಂದಕ್ಕಿಂತ ಹೆಚ್ಚು ಬೆರಳುಗಳನ್ನು ಆರಂಭದಲ್ಲೇ ನೋಂದಾಯಿಸಿಕೊಳ್ಳಬೇಕು ಎಂಬ ಸೂಚನೆ ಈ ಕಾರಣದಿಂದ ಬಂದುದಾಗಿದೆ.

ಆರಂಭದ ವರ್ಷಗಳಲ್ಲಿ ತಾಲ್ಲೂಕಿನ ದತ್ತಾಂಶವು ಆ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲೇ ಇರುತ್ತಿತ್ತು. ಕ್ರಮೇಣ ಇಂಥ ದತ್ತಾಂಶಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸ್ಥಳಾಂತರಗೊಂಡು, ಕಚೇರಿಗಳು ಕೆಸ್ವಾನ್ ಎಂಬ ರಾಜ್ಯವ್ಯಾಪಿ ಜಾಲದ ಮೂಲಕ ಅದರೊಡನೆ ಸಂಪರ್ಕ ಹೊಂದಿದವು. ಕೇಂದ್ರೀಕರಣದಿಂದ ದತ್ತಾಂಶದ ಸುರಕ್ಷತೆ ಹೆಚ್ಚಿತು, ದೂರವೂ ಹೆಚ್ಚಿತು.

ಆ ದೂರದ ಅರ್ಥವು ಕೊಡಗಿನಂಥ ಜಿಲ್ಲೆಯಲ್ಲಿ ಸ್ಪಷ್ಟವಾಗುತ್ತದೆ. ರೈಲುಮಾರ್ಗವಿಲ್ಲದ ಈ ಜಿಲ್ಲೆಯ ಕೇಂದ್ರವಾದ ಮಡಿಕೇರಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 260 ಕಿಲೋಮೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಮರ ಬಿದ್ದು ವಿದ್ಯುತ್ ತಂತಿ ತುಂಡಾಗುವುದು, ರಸ್ತೆಯಂಚಿನ ಮಣ್ಣು ಜರಿದು ಅದರೊಡನೆ ಫೈಬರ್ ಕೇಬಲ್ ಕಿತ್ತುಹೋಗುವುದು ಇಲ್ಲಿ ವಿಶೇಷ ಸುದ್ದಿಯಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಭೂಕುಸಿತಗಳು ಸಂಭವಿಸಿದಾಗ ಮಡಿಕೇರಿ–ಸಂಪಾಜೆ ಹೆದ್ದಾರಿ ಕುಸಿದು, ಹಲವು ಗ್ರಾಮಗಳಿಗೆ ರಸ್ತೆ, ವಿದ್ಯುತ್ತು, ದೂರವಾಣಿ ಮೂರೂ ಏಕಕಾಲದಲ್ಲಿ ಇಲ್ಲವಾದವು. ಮನೆಯೊಡನೆ ಕಾಗದಪತ್ರಗಳನ್ನೂ ಕಳೆದುಕೊಂಡ ಕುಟುಂಬಕ್ಕೆ ದೂರದ ಗಣಕದಲ್ಲಿರುವ ಪ್ರತಿಯೇ ಆಧಾರ. ಪಟ್ಟೇದಾರನ ಹೆಸರಿನೊಡನೆ ಮನೆತನದ ಪಾಲುದಾರರ ಹೆಸರುಗಳೂ ಸೇರಿರುವ ಜಮ್ಮಾ ಹಿಡುವಳಿಗಳಲ್ಲಿ ಆ ಒಂದು ಪ್ರತಿಯನ್ನು ಅವಲಂಬಿಸಿದವರ ಸಂಖ್ಯೆ ಇನ್ನೂ ದೊಡ್ಡದು.

ಯಾವ ಪ್ರವೇಶ?

ದೋಷನಿವಾರಣೆಗೆ ತೊಡಗುವ ಮುನ್ನ ‘ನಿರ್ವಾಹಕ’ ಎಂಬ ಪದವು ಯಾವ ಅರ್ಥದಲ್ಲಿ ಬಳಕೆಯಾಗುತ್ತಿದೆ ಎಂದು ತಿಳಿಯುವುದು ಅಗತ್ಯ. ಒಂದೇ ಗಣಕದಲ್ಲಿ ಕಾರ್ಯಾಚರಣ ವ್ಯವಸ್ಥೆಯ ನಿರ್ವಾಹಕ, ದತ್ತಸಂಚಯದ ನಿರ್ವಾಹಕ ಮತ್ತು ಅದರ ಮೇಲೆ ನಡೆಯುವ ಆನ್ವಯಿಕ ತಂತ್ರಾಂಶದ ನಿರ್ವಾಹಕ ಎಂಬ ಮೂರು ಬೇರೆ ಬೇರೆ ಖಾತೆಗಳಿರುತ್ತವೆ. ಹಲವೆಡೆ ಮೂರಕ್ಕೂ ‘ಅಡ್ಮಿನ್’ ಎಂಬ ಒಂದೇ ಹೆಸರು. ಒಂದರ ಗುಪ್ತಪದವನ್ನು ಬದಲಾಯಿಸಿದರೆ ಇನ್ನೆರಡರ ಮೇಲೆ ಯಾವ ಪರಿಣಾಮವೂ ಆಗುವುದಿಲ್ಲ. ಜಾಲತಾಣದ ಆಡಳಿತ ಪುಟಕ್ಕೆ ಪ್ರವೇಶ ದೊರೆಯದಿದ್ದಾಗ ಗಣಕದ ಮೂಲ ನಿರ್ವಾಹಕನ ಗುಪ್ತಪದವನ್ನು ಬದಲಿಸಿ, ಅಲ್ಲಿಯವರೆಗೆ ಸರಿಯಾಗಿದ್ದ ಇತರ ಸೇವೆಗಳನ್ನು ನಿಲ್ಲಿಸಿಕೊಂಡ ಪ್ರಸಂಗಗಳು ಅಪರೂಪವಲ್ಲ.

ತಿರಸ್ಕಾರದ ಸಂದೇಶಗಳು

ಪರದೆಯ ಮೇಲೆ ಮೂಡುವ ಸಂದೇಶವನ್ನು ಓದದೆ ಮತ್ತೆ ಮತ್ತೆ ಪ್ರಯತ್ನಿಸುವುದು ಬಹು ಸಾಮಾನ್ಯವಾದ ತಪ್ಪು. ಆ ಸಂದೇಶದಲ್ಲಿಯೇ ತಡೆಯಿರುವ ಹಂತ ಸೂಚಿತವಾಗಿರುತ್ತದೆ. ಎಸ್‌ಎಸ್‌ಎಚ್‌ನಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಕಳುಹಿಸಿದ ಕರೆಗೆ ಯಾವ ಉತ್ತರವೂ ಬರಲಿಲ್ಲ ಎಂದರ್ಥ. ಗಣಕ ಆರಿಹೋಗಿರಬಹುದು, ದಾರಿ ಕಡಿದಿರಬಹುದು ಅಥವಾ ನಡುವಿನ ಫೈರ್‌ವಾಲ್ ಕರೆಯನ್ನು ಮೌನವಾಗಿ ನುಂಗಿರಬಹುದು. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಸಾಮಾನ್ಯವಾಗಿ ಗಣಕ ಎಚ್ಚರವಾಗಿದೆ, ಆದರೆ ಆ ಪೋರ್ಟ್‌ನಲ್ಲಿ ಕರೆ ಸ್ವೀಕರಿಸುವ ಸೇವೆ ನಡೆಯುತ್ತಿಲ್ಲ. ಮನೆಗೆ ಬೀಗ ಹಾಕಿರುವುದಕ್ಕೂ ಮನೆಯ ದಾರಿಯೇ ಕುಸಿದಿರುವುದಕ್ಕೂ ಇರುವಷ್ಟು ಅಂತರ ಈ ಎರಡಕ್ಕಿದೆ. ‘ಪರ್ಮಿಷನ್ ಡಿನೈಡ್’ ಎಂಬುದು ಇವೆರಡನ್ನೂ ದಾಟಿದ ನಂತರದ ಸಂದೇಶ. ಜಾಲವೂ ಸೇವೆಯೂ ಸರಿಯಾಗಿದ್ದು, ತೋರಿಸಿದ ಗುರುತು ಮಾತ್ರ ಒಪ್ಪಿಗೆಯಾಗಿಲ್ಲ. ಈ ಸಂದೇಶ ಬಂದ ಮೇಲೂ ರೂಟರ್ ಆರಿಸಿ ಹಚ್ಚುತ್ತ ಕುಳಿತರೆ ಸಮಯ ವ್ಯರ್ಥ.

ಸರ್ವರ್ ತನ್ನ ತಿರಸ್ಕಾರದ ನಿಜವಾದ ಕಾರಣವನ್ನು ಹೊರಗಿನವರಿಗೆ ಹೇಳುವುದಿಲ್ಲ. ಸದಸ್ಯನಾಮ ತಪ್ಪೋ ಗುಪ್ತಪದ ತಪ್ಪೋ ಎಂದು ತಿಳಿಸಿದರೆ ಅದು ಕಳ್ಳನಿಗೂ ನೆರವಾಗುತ್ತದೆಂಬುದು ಇದರ ತರ್ಕ. ಕಾರಣವು ಸರ್ವರ್‌ನ ಲಾಗ್ ಕಡತದಲ್ಲಿ ದಾಖಲಾಗುತ್ತದೆ. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಲ್ಲಿ ‘ಆಥ್ ಲಾಗ್’, ರೆಡ್ ಹ್ಯಾಟ್ ಸಂತತಿಯ ವ್ಯವಸ್ಥೆಗಳಲ್ಲಿ ‘ಸೆಕ್ಯೂರ್’ ಎಂಬ ಹೆಸರಿನ ಕಡತಗಳಲ್ಲಿ ಇದನ್ನು ಕಾಣಬಹುದು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವಿಫಲ ಪ್ರವೇಶಕ್ಕೆ 4625, ಖಾತೆಗೆ ಬೀಗ ಬಿದ್ದುದಕ್ಕೆ 4740 ಎಂಬ ಸಂಖ್ಯೆಗಳಿವೆ. ಪ್ರವೇಶವೇ ಇಲ್ಲದಾಗ ಲಾಗ್ ಓದುವುದು ಹೇಗೆ ಎಂಬ ಪ್ರಶ್ನೆ ಸಹಜ. ಎರಡನೆಯ ನಿರ್ವಾಹಕ ಖಾತೆ, ಅಥವಾ ಲಾಗ್‌ಗಳ ಪ್ರತಿಯನ್ನು ಬೇರೊಂದು ಗಣಕಕ್ಕೆ ಕಳುಹಿಸುವ ಏರ್ಪಾಡು ಮೊದಲೇ ಇದ್ದಲ್ಲಿ ಮಾತ್ರ ಅದು ಸುಲಭ.

ದಾರಿಯ ತೊಂದರೆಗಳು

ಉತ್ತರವೇ ಬಾರದ ಸಂದರ್ಭದಲ್ಲಿ ಮೊದಲ ಪರೀಕ್ಷೆಯು ಸರ್ವರ್‌ನದಲ್ಲ, ಕರೆ ಮಾಡುವವನ ಸ್ವಂತ ಸಂಪರ್ಕದ್ದು. ಬೇರೆ ಜಾಲತಾಣಗಳು ತೆರೆಯುತ್ತಿವೆಯೇ, ಇನ್ನೊಂದು ಊರಿನಲ್ಲಿರುವ ಸಹೋದ್ಯೋಗಿಗೆ ಅದೇ ಸರ್ವರ್ ದೊರೆಯುತ್ತಿದೆಯೇ ಎಂಬ ಎರಡು ಪ್ರಶ್ನೆಗಳಿಂದ ಅರ್ಧದಷ್ಟು ಅನುಮಾನಗಳು ಬಗೆಹರಿಯುತ್ತವೆ.

ಮಳೆಗಾಲದ ಮಲೆನಾಡಿಗೆ ವಿಶೇಷವಾಗಿ ಅನ್ವಯಿಸುವ ಒಂದು ತೊಡಕಿದೆ. ನಿರ್ವಾಹಕ ಪ್ರವೇಶವನ್ನು ಕಚೇರಿಯ ನಿಗದಿತ ಐಪಿ ವಿಳಾಸದಿಂದ ಮಾತ್ರ ಅನುಮತಿಸುವಂತೆ ಫೈರ್‌ವಾಲ್ ಅನ್ನು ಹೊಂದಿಸುವುದು ಉತ್ತಮ ಪದ್ಧತಿ. ಫೈಬರ್ ಕಡಿದಾಗ ನಿರ್ವಾಹಕನು ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸಿಕೊಳ್ಳುತ್ತಾನೆ. ಇಂಟರ್‌ನೆಟ್ ಚೆನ್ನಾಗಿಯೇ ನಡೆಯುತ್ತದೆ, ಸರ್ವರ್ ಮಾತ್ರ ದೊರೆಯುವುದಿಲ್ಲ. ಸರ್ವರ್ ಕೆಟ್ಟಿದೆಯೆಂಬ ನಿರ್ಣಯಕ್ಕೆ ಬರುವುದು ಇಲ್ಲಿ ಸುಲಭ. ವಾಸ್ತವದಲ್ಲಿ ಬದಲಾದದ್ದು ಕರೆ ಮಾಡುವವನ ವಿಳಾಸ. ಮೊಬೈಲ್ ಜಾಲಗಳಲ್ಲಿ ಬಹುಸಂಖ್ಯೆಯ ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುವುದರಿಂದ, ಅಪರಿಚಿತನೊಬ್ಬನ ದುಷ್ಕೃತ್ಯಕ್ಕಾಗಿ ಆ ವಿಳಾಸವೇ ನಿರ್ಬಂಧಕ್ಕೆ ಒಳಗಾಗಿರುವ ಸಾಧ್ಯತೆಯೂ ಇದೆ. ಇಂಥ ದಿನಗಳಿಗಾಗಿ ವಿಪಿಎನ್ ಮಾರ್ಗವೊಂದನ್ನು ಬಿಸಿಲಿನ ತಿಂಗಳುಗಳಲ್ಲೇ ಸಿದ್ಧಪಡಿಸಿ ಪರೀಕ್ಷಿಸಿಡುವುದು ಲೇಸು.

ಸರ್ವರ್ ಜೀವಂತವಾಗಿದ್ದೂ ಕರೆಗಳ ಹೊರೆಯಿಂದ ಉತ್ತರಿಸಲಾರದ ಸ್ಥಿತಿಯೂ ಉಂಟು. ಆಸ್ತಿ ನೋಂದಣಿಗಾಗಿ ಕರ್ನಾಟಕದಲ್ಲಿ ಬಳಕೆಯಲ್ಲಿರುವ, ಕೊಡಗಿನಲ್ಲಿ ಹುಟ್ಟುವ ನದಿಯ ಹೆಸರನ್ನೇ ಹೊತ್ತಿರುವ ‘ಕಾವೇರಿ 2.0’ ತಂತ್ರಾಂಶವು 2025ರ ಆರಂಭದಲ್ಲಿ ಇಂಥ ಸೇವಾ ನಿರಾಕರಣೆ ದಾಳಿಗೆ ಗುರಿಯಾಗಿತ್ತು. ಸಾರ್ವಜನಿಕರ ಕರೆಗಳು ಬರುವ ದಾರಿಯಲ್ಲೇ ನಿರ್ವಾಹಕನೂ ಬರಬೇಕಾದ ವ್ಯವಸ್ಥೆಯಲ್ಲಿ, ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ ಅವನು ಸರದಿಯಲ್ಲಿ ಸಿಲುಕುತ್ತಾನೆ. ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ನಿರ್ವಹಣೆಗೆಂದೇ ಬೇರೆ ಜಾಲವನ್ನು ಇಡುವುದು ಈ ಕಾರಣಕ್ಕಾಗಿ.

ಗುಪ್ತಪದದ ತೊಂದರೆಗಳು

ಗುಪ್ತಪದ ಸರಿಯಿದ್ದೂ ತಿರಸ್ಕೃತವಾಗುವ ಕಾರಣಗಳಲ್ಲಿ ಕೀಲಿಮಣೆಗೆ ಸಂಬಂಧಿಸಿದವು ಮೊದಲು ಪರಿಶೀಲನಾರ್ಹ. ಕ್ಯಾಪ್ಸ್ ಲಾಕ್ ಎಲ್ಲರಿಗೂ ತಿಳಿದದ್ದೇ. ಕನ್ನಡದಲ್ಲಿ ಕೆಲಸ ನಡೆಸುವ ಕಚೇರಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ನುಡಿ ಅಥವಾ ಇನ್‌ಸ್ಕ್ರಿಪ್ಟ್ ವಿನ್ಯಾಸವು ಚಾಲನೆಯಲ್ಲಿದ್ದಾಗ ಒತ್ತಿದ ಕೀಲಿಗಳು ಬೇರೆ ಅಕ್ಷರಗಳಾಗಿ ಹೋಗಬಹುದು. ಗುಪ್ತಪದದ ಪೆಟ್ಟಿಗೆಯಲ್ಲಿ ಚುಕ್ಕಿಗಳು ಮಾತ್ರ ಕಾಣುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ದೂರದ ಗಣಕದ ಕೀಲಿಮಣೆ ವಿನ್ಯಾಸವು ಅಮೆರಿಕದ್ದೋ ಬ್ರಿಟನ್ನಿನದೋ ಎಂಬುದರ ಮೇಲೆ ಉದ್ಧರಣ ಚಿಹ್ನೆ ಮತ್ತು ‘ಅಟ್’ ಚಿಹ್ನೆಗಳು ಅದಲುಬದಲಾಗುವುದೂ ಉಂಟು. ಸದಸ್ಯನಾಮದ ಪೆಟ್ಟಿಗೆಯಲ್ಲಿ ಗುಪ್ತಪದವನ್ನು ಬೆರಳಚ್ಚಿಸಿ ನೋಡಿ ಅಳಿಸುವ ಉಪಾಯವನ್ನು ಕೆಲವರು ಅನುಸರಿಸುತ್ತಾರೆ. ಅಕಸ್ಮಾತ್ ಎಂಟರ್ ಒತ್ತಿದರೆ ಗುಪ್ತಪದವು ಸದಸ್ಯನಾಮವೆಂದೇ ಲಾಗ್‌ನಲ್ಲಿ ದಾಖಲಾಗಿಬಿಡುವುದರಿಂದ, ಸಾದಾ ಟಿಪ್ಪಣಿ ಪುಟವೊಂದರಲ್ಲಿ ಪರೀಕ್ಷಿಸಿ ಉಳಿಸದೆ ಮುಚ್ಚುವುದು ಮೇಲು.

ಹಲವು ಬಾರಿ ತಪ್ಪಿದ ಮೇಲೆ ಬೀಗ ಬೀಳುವ ವ್ಯವಸ್ಥೆ ಎರಡು ಬಗೆಯದು. ಒಂದರಲ್ಲಿ ಖಾತೆಗೆ ಬೀಗ ಬೀಳುತ್ತದೆ. ಇನ್ನೊಂದರಲ್ಲಿ ಕರೆ ಮಾಡಿದ ವಿಳಾಸಕ್ಕೆ ತಡೆ ಬೀಳುತ್ತದೆ. ಫೇಲ್‌ಟುಬ್ಯಾನ್ ಎಂಬ ಜನಪ್ರಿಯ ತಂತ್ರಾಂಶವು ಮೂಲ ಹೊಂದಿಕೆಯಲ್ಲಿ 5 ವಿಫಲ ಯತ್ನಗಳಿಗೆ 10 ನಿಮಿಷಗಳ ಕಾಲ ಆ ವಿಳಾಸವನ್ನು ತಡೆಯುತ್ತದೆ. ಆಗ ಸಂದೇಶವೂ ಬದಲಾಗುತ್ತದೆ: ಅಲ್ಲಿಯವರೆಗೆ ‘ಪರ್ಮಿಷನ್ ಡಿನೈಡ್’ ಎನ್ನುತ್ತಿದ್ದ ಸರ್ವರ್ ಇದ್ದಕ್ಕಿದ್ದಂತೆ ಸಂಪರ್ಕವನ್ನೇ ಕೊಡದಂತಾಗುತ್ತದೆ. ಇದನ್ನು ಜಾಲದ ದೋಷವೆಂದು ಬಗೆದು ಪ್ರಯತ್ನವನ್ನು ಮುಂದುವರಿಸಿದರೆ ಗೊಂದಲ ಬೆಳೆಯುತ್ತದೆ. ಸುಮ್ಮನೆ ಕಾಯುವುದೇ ಇಲ್ಲಿ ಮದ್ದು. ಕಾಯಲು ಬೇಕಾದ ತಾಳ್ಮೆ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ ಎಂಬುದು ಬೇರೆ ಮಾತು.

ಗುಪ್ತಪದ ಬದಲಾಯಿಸಿದ ಮರುದಿನದಿಂದ ನಿರ್ವಾಹಕ ಖಾತೆಗೆ ಪದೇ ಪದೇ ಬೀಗ ಬೀಳುತ್ತಿದ್ದರೆ, ಹಳೆಯ ಗುಪ್ತಪದವನ್ನು ಇನ್ನೂ ನೆನಪಿಟ್ಟುಕೊಂಡಿರುವ ಯಂತ್ರವೊಂದನ್ನು ಹುಡುಕಬೇಕು. ನಿಗದಿತ ವೇಳೆಗೆ ತಾನಾಗಿ ನಡೆಯುವ ಬ್ಯಾಕಪ್ ಕೆಲಸ, ಯಾರದೋ ಮೊಬೈಲ್‌ನಲ್ಲಿ ಉಳಿದ ಹೊಂದಿಕೆ, ಮುಚ್ಚದೆ ಬಿಟ್ಟ ಹಳೆಯ ರಿಮೋಟ್ ಕಿಟಕಿ ಇವು ಸಾಮಾನ್ಯ ಅಪರಾಧಿಗಳು.

ವಿಂಡೋಸ್‌ನಲ್ಲಿ ಅವಧಿ ಮುಗಿದ ಗುಪ್ತಪದವು ಒಂದು ವಿಚಿತ್ರ ಇಕ್ಕಟ್ಟನ್ನು ತರುತ್ತದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಜಾಲಮಟ್ಟದ ದೃಢೀಕರಣ ಕಡ್ಡಾಯವಾಗಿದ್ದರೆ, ಗುಪ್ತಪದವನ್ನು ಬದಲಿಸಿದ ಹೊರತು ಒಳಗೆ ಬಿಡುವುದಿಲ್ಲ. ಒಳಗೆ ಬಂದ ಹೊರತು ಬದಲಿಸುವ ಪರದೆ ಸಿಗುವುದಿಲ್ಲ. ಬೇರೊಬ್ಬ ನಿರ್ವಾಹಕನು ಹೊಸ ಗುಪ್ತಪದ ನೀಡುವುದು ನೇರ ಪರಿಹಾರ. ಅಲ್ಲದೆ ವಿಂಡೋಸ್ ಸರ್ವರ್ ಮೂಲ ಹೊಂದಿಕೆಯಲ್ಲಿ ಏಕಕಾಲಕ್ಕೆ 2 ನಿರ್ವಾಹಕ ಅಧಿವೇಶನಗಳನ್ನಷ್ಟೇ ಅನುಮತಿಸುತ್ತದೆ. ಸೈನ್ ಔಟ್ ಮಾಡದೆ ಕೇವಲ ಕಿಟಕಿ ಮುಚ್ಚಿ ಹೋದವರ ಅಧಿವೇಶನಗಳು ಒಳಗೇ ಉಳಿದು, ಮೂರನೆಯವರಿಗೆ ಜಾಗವಿಲ್ಲದಂತಾಗುತ್ತದೆ.

ಕೀಲಿಗಳ ತೊಂದರೆಗಳು

ಗುಪ್ತಪದಕ್ಕೆ ಬದಲಾಗಿ ಎಸ್‌ಎಸ್‌ಎಚ್‌ನಲ್ಲಿ ಕೀಲಿಜೋಡಿಯನ್ನು ಬಳಸಬಹುದು. ಖಾಸಗಿ ಕೀಲಿಯು ನಿರ್ವಾಹಕನ ಬಳಿ, ಸಾರ್ವಜನಿಕ ಕೀಲಿಯು ಸರ್ವರ್‌ನಲ್ಲಿ ಇರುತ್ತದೆ. ಕೀಲಿ ಸರಿಯಿದ್ದೂ ಒಪ್ಪಿಗೆಯಾಗದಿರಲು ಮುಖ್ಯ ಕಾರಣವು ಕಡತಗಳ ಅನುಮತಿಯಲ್ಲಿರುತ್ತದೆ. ನಿರ್ವಾಹಕನ ಮನೆಕೋಶವನ್ನು ಅಥವಾ ಕೀಲಿಪಟ್ಟಿಯ ಕಡತವನ್ನು ಬೇರೆಯವರೂ ತಿದ್ದುವಂತಿದ್ದರೆ ಸರ್ವರ್ ಆ ಪಟ್ಟಿಯನ್ನು ನಂಬಲು ನಿರಾಕರಿಸುತ್ತದೆ. ಕೋಶಕ್ಕೆ 700, ಕಡತಕ್ಕೆ 600 ಎಂಬ ಅನುಮತಿ ಸಂಖ್ಯೆಗಳು ರೂಢಿಯ ಪ್ರಮಾಣ. ಬೇರಾವುದೋ ತಂತ್ರಾಂಶದ ತೊಡಕನ್ನು ಬಿಡಿಸಲು ಎಲ್ಲ ಕಡತಗಳಿಗೂ 777 ನೀಡಿದ ಸಂಜೆಯೇ ನಿರ್ವಾಹಕನ ಕೀಲಿ ಕೆಲಸ ನಿಲ್ಲಿಸುವುದು ಇದರಿಂದಾಗಿ.

ತಂತ್ರಾಂಶ ನವೀಕರಣದ ನಂತರ ತೊಂದರೆ ಕಾಣಿಸಿಕೊಂಡರೆ ಆವೃತ್ತಿಯ ಬದಲಾವಣೆಗಳನ್ನು ನೋಡಬೇಕು. 2015ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 7.0 ಆವೃತ್ತಿಯು ರೂಟ್ ಖಾತೆಗೆ ಗುಪ್ತಪದದ ಮೂಲಕ ನೇರ ಪ್ರವೇಶವನ್ನು ಮೂಲ ಹೊಂದಿಕೆಯಲ್ಲಿ ನಿಲ್ಲಿಸಿತು. 2021ರ 8.8 ಆವೃತ್ತಿಯು ಶಾ-1 ಆಧಾರಿತ ಆರ್‌ಎಸ್‌ಎ ಸಹಿಗಳನ್ನು ಕೈಬಿಟ್ಟಿತು. ಹೊಸ ಲ್ಯಾಪ್‌ಟಾಪ್‌ನಿಂದ ಹಳೆಯ ಸರ್ವರ್‌ಗೆ ಪ್ರವೇಶ ದೊರೆಯದೆ, ಹಳೆಯ ಲ್ಯಾಪ್‌ಟಾಪ್‌ನಿಂದ ಮಾತ್ರ ದೊರೆಯುವ ಒಗಟಿಗೆ ಉತ್ತರ ಹಲವು ಬಾರಿ ಇಲ್ಲಿದೆ. ಒಂದೇ ಯಂತ್ರದಲ್ಲಿ ಹತ್ತಾರು ಕೀಲಿಗಳನ್ನು ಇಟ್ಟುಕೊಂಡವರ ಕಥೆ ಬೇರೆ: ಸರ್ವರ್ ಒಂದು ಸಂಪರ್ಕದಲ್ಲಿ ಸಾಮಾನ್ಯವಾಗಿ 6 ಯತ್ನಗಳನ್ನಷ್ಟೇ ಸಹಿಸುವುದರಿಂದ, ಸರಿಯಾದ ಕೀಲಿಯ ಸರದಿ ಬರುವ ಮೊದಲೇ ಬಾಗಿಲು ಮುಚ್ಚುತ್ತದೆ.

ಸರ್ವರ್‌ನ ಗುರುತು ಬದಲಾಗಿದೆ ಎಂಬ ಎಚ್ಚರಿಕೆ ಕಾಣಿಸಿಕೊಂಡಾಗ, ಆ ಗಣಕವನ್ನು ಮರುಸ್ಥಾಪಿಸಲಾಗಿದೆಯೇ ಎಂದು ದತ್ತಾಂಶ ಕೇಂದ್ರದವರನ್ನು ವಿಚಾರಿಸದೆ ಹಳೆಯ ಗುರುತನ್ನು ಅಳಿಸಿ ಮುಂದುವರಿಯುವುದು ಅಪಾಯಕರ. ನಡುವೆ ಕುಳಿತು ಸರ್ವರ್‌ನ ವೇಷ ಧರಿಸಿದವನ ಕೈಗೆ ಗುಪ್ತಪದವನ್ನು ಒಪ್ಪಿಸಿದಂತಾಗಬಹುದು.

ಗಡಿಯಾರ

ಪ್ರವೇಶಕ್ಕೂ ಗಡಿಯಾರಕ್ಕೂ ಇರುವ ನಂಟು ಹೊಸಬರಿಗೆ ಆಶ್ಚರ್ಯವೆನಿಸುತ್ತದೆ. ವಿಂಡೋಸ್ ಡೊಮೈನ್‌ಗಳಲ್ಲಿ ಬಳಕೆಯಾಗುವ ಕರ್ಬರೋಸ್ ವಿಧಾನವು ಎರಡು ಗಣಕಗಳ ಸಮಯದಲ್ಲಿ ಸಾಮಾನ್ಯವಾಗಿ 5 ನಿಮಿಷಗಳಿಗಿಂತ ಹೆಚ್ಚು ಅಂತರವನ್ನು ಒಪ್ಪುವುದಿಲ್ಲ. ಹಳೆಯ ಗುರುತುಚೀಟಿಯನ್ನು ಕದ್ದು ಮತ್ತೆ ಬಳಸುವುದನ್ನು ತಡೆಯಲು ಈ ನಿಯಮ. ಮೊಬೈಲ್‌ನಲ್ಲಿ ಮೂಡುವ 6 ಅಂಕಿಗಳ ಒಂದಾವರ್ತಿ ಸಂಕೇತವು ಸಾಮಾನ್ಯವಾಗಿ 30 ಸೆಕೆಂಡುಗಳಿಗೊಮ್ಮೆ ಬದಲಾಗುತ್ತದೆ. ಅದರ ಲೆಕ್ಕಾಚಾರವು ಸಮಯವನ್ನೇ ಆಧರಿಸಿರುವುದರಿಂದ ಮೊಬೈಲ್ ಮತ್ತು ಸರ್ವರ್‌ಗಳ ಗಡಿಯಾರಗಳು ಹೊಂದದಿದ್ದರೆ ಸರಿಯಾಗಿ ನಮೂದಿಸಿದ ಸಂಕೇತವೂ ತಪ್ಪೆನಿಸುತ್ತದೆ.

ವಿದ್ಯುತ್ ಪದೇ ಪದೇ ಹೋಗುವಲ್ಲಿ, ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸವೆದಿರುವ ಗಣಕವು ಪ್ರತಿ ಬಾರಿ ಹೊತ್ತಿಕೊಂಡಾಗಲೂ ಹಲವು ವರ್ಷಗಳ ಹಿಂದಿನ ದಿನಾಂಕವನ್ನು ತೋರಿಸುತ್ತದೆ. ಆ ದಿನಾಂಕದಲ್ಲಿ ಭದ್ರತಾ ಪ್ರಮಾಣಪತ್ರಗಳು ಇನ್ನೂ ಜಾರಿಗೆ ಬಂದಿರುವುದೇ ಇಲ್ಲ. ಎಲ್ಲ ಸಂಪರ್ಕಗಳೂ ತಿರಸ್ಕೃತವಾಗುತ್ತವೆ. ಇನ್ನೂ ನವಿರಾದ ತಪ್ಪೊಂದಿದೆ. ಕಾಲವಲಯವನ್ನು ಭಾರತಕ್ಕೆ ಬದಲಿಸದೆ, ಪರದೆಯ ಮೇಲಿನ ಅಂಕಿಗಳನ್ನು ಮಾತ್ರ ಕೈಯಿಂದ ತಿದ್ದಿ ಗೋಡೆಯ ಗಡಿಯಾರಕ್ಕೆ ಹೊಂದಿಸುವುದು. ನೋಡುವವರಿಗೆ ಸಮಯ ಸರಿಯಾಗಿಯೇ ಕಾಣುತ್ತದೆ, ಆದರೆ ಗಣಕದ ಒಳಲೆಕ್ಕದಲ್ಲಿ ಅದು ಜಗತ್ತಿಗಿಂತ 5 ಗಂಟೆ 30 ನಿಮಿಷ ಮುಂದಿರುತ್ತದೆ. ಕಣ್ಣಿಗೆ ಸರಿಯೆನಿಸುವ ಈ ತಪ್ಪನ್ನು ಹಿಡಿಯುವುದು ಕಷ್ಟ.

ಒಳಗೆ ಬಂದೂ ನಿಲ್ಲಲಾಗದ ಸ್ಥಿತಿ

ಗುರುತು ಒಪ್ಪಿಗೆಯಾದ ಕ್ಷಣದಲ್ಲೇ ಸಂಪರ್ಕ ಕಡಿದರೆ ಖಾತೆಯ ಅವಧಿ, ಮನೆಕೋಶ, ಆದೇಶಪರದೆಯ ಹೊಂದಿಕೆ ಇವುಗಳನ್ನು ನೋಡಬೇಕು. ಬರೆಯಲು ಜಾಗವಿಲ್ಲದ ಡಿಸ್ಕ್ ಕೂಡ ಪ್ರವೇಶವನ್ನು ಕೆಡಿಸಬಲ್ಲದು. ವಿಪರ್ಯಾಸವೆಂದರೆ, ಡಿಸ್ಕ್ ತುಂಬಿಸುವುದು ಹಲವು ಬಾರಿ ವಿಫಲ ಪ್ರವೇಶಗಳನ್ನು ದಾಖಲಿಸುವ ಲಾಗ್ ಕಡತಗಳೇ.

ಪ್ರವೇಶ ನಿಧಾನವಾಗುವುದನ್ನು ಸಣ್ಣ ಕಿರಿಕಿರಿಯೆಂದು ಕಡೆಗಣಿಸುವವರು ಹೆಚ್ಚು. 2024ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅವರು ತಮ್ಮ ಎಸ್‌ಎಸ್‌ಎಚ್ ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಬೆನ್ನಟ್ಟಿ, ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿದ್ದ ಕಳ್ಳಬಾಗಿಲನ್ನು ಪತ್ತೆಹಚ್ಚಿದರು. ಅದು ವ್ಯಾಪಕವಾಗಿ ಹರಡಿದ್ದರೆ ಅಸಂಖ್ಯ ಸರ್ವರ್‌ಗಳ ನಿರ್ವಾಹಕ ಪ್ರವೇಶವು ಅಪರಿಚಿತರ ವಶವಾಗುವ ಸಂಭವವಿತ್ತು.

ಕೊನೆಯ ಮಾರ್ಗಗಳು

ಜಾಲದ ಮೂಲಕ ಯಾವ ಪ್ರಯತ್ನವೂ ಫಲಿಸದಿದ್ದಾಗ ಕನ್ಸೋಲ್ ಪ್ರವೇಶವನ್ನು ಆಶ್ರಯಿಸಬೇಕು. ಉತ್ತಮ ದರ್ಜೆಯ ಸರ್ವರ್‌ಗಳಲ್ಲಿ ಮುಖ್ಯ ಗಣಕ ಸ್ಥಗಿತಗೊಂಡರೂ ಕೆಲಸ ಮಾಡುವ ಪ್ರತ್ಯೇಕ ನಿರ್ವಹಣಾ ಘಟಕವಿರುತ್ತದೆ. ಎಚ್‌ಪಿ ಯಂತ್ರಗಳಲ್ಲಿ ಇದಕ್ಕೆ ಐಎಲ್‌ಒ ಎಂದೂ ಡೆಲ್ ಯಂತ್ರಗಳಲ್ಲಿ ಐಡ್ರಾಕ್ ಎಂದೂ ಹೆಸರು. ಇದರ ಮೂಲಕ ದೂರದಿಂದಲೇ ಪರದೆಯನ್ನು ಕಾಣಬಹುದು, ಗಣಕವನ್ನು ಆರಿಸಿ ಹಚ್ಚಬಹುದು. ಬಾಡಿಗೆಯ ಕ್ಲೌಡ್ ಸರ್ವರ್‌ಗಳಲ್ಲಿ ಸಂಸ್ಥೆಯ ನಿಯಂತ್ರಣ ಪುಟದಿಂದ ಇಂಥದೇ ಅನುಕೂಲ ದೊರೆಯುತ್ತದೆ. ಇಲ್ಲವೇ ಆ ಸರ್ವರ್‌ನ ಡಿಸ್ಕ್ ಅನ್ನು ಕಳಚಿ ಮತ್ತೊಂದು ಸರ್ವರ್‌ಗೆ ಜೋಡಿಸಿ ತಪ್ಪಾದ ಹೊಂದಿಕೆಯನ್ನು ತಿದ್ದಬಹುದು.

ಲಿನಕ್ಸ್ ಗಣಕವನ್ನು ಏಕಬಳಕೆದಾರ ಸ್ಥಿತಿಯಲ್ಲಿ ಆರಂಭಿಸಿ ರೂಟ್ ಗುಪ್ತಪದವನ್ನು ಬದಲಿಸುವ ಕ್ರಮವೂ ಪ್ರಸಿದ್ಧ. ಯಂತ್ರದ ಬಳಿ ನಿಲ್ಲಬಲ್ಲವನು ಅದರ ಒಡೆಯನೂ ಆಗಬಲ್ಲನು ಎಂಬುದನ್ನು ಇದು ತೋರಿಸುತ್ತದೆ. ದತ್ತಾಂಶ ಕೇಂದ್ರಗಳ ಬಾಗಿಲಲ್ಲಿ ಕಾವಲು ಇರುವುದು ವ್ಯರ್ಥವಲ್ಲ. ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಅದರ ಕೀಲಿಯಿಲ್ಲದೆ ಈ ಕ್ರಮವೂ ಫಲಿಸದು. ಯಾವ ಮಾರ್ಗವನ್ನು ಹಿಡಿದರೂ ಪೂರ್ವಭಾವಿಯಾಗಿ ಡಿಸ್ಕ್‌ನ ಪ್ರತಿಯನ್ನು ತೆಗೆದಿಡುವುದು ಅವಶ್ಯಕ.

ಮುನ್ನೆಚ್ಚರಿಕೆಗಳು

ನಿರ್ವಾಹಕರು ಹೊರಗುಳಿಯುವ ಸಂದರ್ಭಗಳಲ್ಲಿ ಗಣನೀಯ ಪಾಲು ಅವರೇ ಮಾಡಿದ ಬದಲಾವಣೆಗಳ ಫಲ. ಎಸ್‌ಎಸ್‌ಎಚ್ ಹೊಂದಿಕೆಯನ್ನು ಅಥವಾ ಫೈರ್‌ವಾಲ್ ನಿಯಮವನ್ನು ತಿದ್ದುವಾಗ ಈಗಿರುವ ಸಂಪರ್ಕವನ್ನು ಮುಚ್ಚದೆ, ಇನ್ನೊಂದು ಹೊಸ ಸಂಪರ್ಕ ತೆರೆದು ಪ್ರವೇಶ ದೊರೆಯುವುದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ಮೊದಲನೆಯದನ್ನು ಬಿಡಬೇಕು. ಈ ಒಂದು ಅಭ್ಯಾಸದಿಂದ ತಪ್ಪಿಸಬಹುದಾದ ಪ್ರಯಾಣಗಳು ಅನೇಕ. ತಿದ್ದಿದ ಹೊಂದಿಕೆ ಕಡತವನ್ನು ಜಾರಿಗೊಳಿಸುವ ಮೊದಲು ಪರೀಕ್ಷಿಸುವ ಸೌಲಭ್ಯ ಎಸ್‌ಎಸ್‌ಎಚ್ ಸೇವೆಯಲ್ಲೇ ಇದೆ.

ಬದಲಾವಣೆಯನ್ನು ತಾತ್ಕಾಲಿಕವಾಗಿ ಜಾರಿಗೊಳಿಸಿ, ನಿಗದಿತ ಸಮಯದೊಳಗೆ ದೃಢಪಡಿಸದಿದ್ದರೆ ತಾನಾಗಿ ಹಿಂದಿನ ಸ್ಥಿತಿಗೆ ಮರಳುವ ಏರ್ಪಾಡು ದೂರದ ಯಂತ್ರಗಳಿಗೆ ಬಹಳ ಉಪಯುಕ್ತ. ಜೂನಿಪರ್ ಜಾಲಸಾಧನಗಳಲ್ಲಿ ಇದರ ಮೂಲ ಅವಧಿ 10 ನಿಮಿಷ. ಉಬುಂಟುವಿನ ನೆಟ್‌ಪ್ಲಾನ್‌ನಲ್ಲಿ 120 ಸೆಕೆಂಡ್. ಅಂಥ ಸೌಲಭ್ಯವಿಲ್ಲದೆಡೆ ಕಾಲು ಗಂಟೆಯ ನಂತರ ಹಳೆಯ ಕಡತವನ್ನು ಮರಳಿ ಇರಿಸುವ ಕೆಲಸವೊಂದನ್ನು ಮೊದಲೇ ನಿಗದಿಪಡಿಸಿ, ಎಲ್ಲವೂ ಸರಿಯಾದ ಮೇಲೆ ಅದನ್ನು ರದ್ದುಪಡಿಸಬಹುದು.

ನಿರ್ವಾಹಕ ಅಧಿಕಾರವು ಒಬ್ಬರಲ್ಲೇ ನಿಂತಿರುವುದು ದೊಡ್ಡ ದೌರ್ಬಲ್ಯ. ವರ್ಗಾವಣೆ, ನಿವೃತ್ತಿ, ಅನಾರೋಗ್ಯಗಳು ಯಾವ ಕಚೇರಿಯನ್ನೂ ಬಿಟ್ಟಿಲ್ಲ. ತಮ್ಮ ತಮ್ಮ ಹೆಸರಿನ ಪ್ರತ್ಯೇಕ ಖಾತೆಗಳಿರುವ ಕನಿಷ್ಠ ಇಬ್ಬರು ನಿರ್ವಾಹಕರು, ಹಾಗೂ ಮೊಹರು ಮಾಡಿದ ಲಕೋಟೆಯಲ್ಲಿ ಜವಾಬ್ದಾರಿಯುತ ಅಧಿಕಾರಿಯ ವಶದಲ್ಲಿರುವ ತುರ್ತು ಗುಪ್ತಪದ ಇರಬೇಕು. ಲಕೋಟೆ ಒಡೆದ ದಿನವೇ ಆ ಗುಪ್ತಪದವನ್ನು ಬದಲಿಸಿ ಹೊಸ ಲಕೋಟೆಯನ್ನು ಸಿದ್ಧಪಡಿಸಬೇಕು. ಒಂದೇ ಖಾತೆಯ ಗುಪ್ತಪದವನ್ನು ಇಡೀ ಸಿಬ್ಬಂದಿಗೆ ಹಂಚುವುದು ಇದಕ್ಕೆ ಪರ್ಯಾಯವಲ್ಲ. ಹಾಗೆ ಹಂಚಿದಲ್ಲಿ ಯಾರು ಏನು ಮಾಡಿದರೆಂಬುದನ್ನು ಯಾವ ಲಾಗ್ ಕೂಡ ಹೇಳಲಾರದು. ಭೂಮಿ ಯೋಜನೆಯು ಬೆರಳಚ್ಚನ್ನು ಆಯ್ದುಕೊಂಡುದರ ಉದ್ದೇಶವೂ ಈ ಹೊಣೆಗಾರಿಕೆಯೇ ಆಗಿತ್ತು.

ಕಾನೂನು

ಮರೆತ ಗುಪ್ತಪದವನ್ನು ದಾಟಿ ಒಳಹೋಗುವ ವಿಧಾನಗಳು ಅನಧಿಕೃತ ಪ್ರವೇಶದ ವಿಧಾನಗಳಿಂದ ಬೇರೆಯಾಗಿ ಕಾಣುವುದಿಲ್ಲ. ವ್ಯತ್ಯಾಸವಿರುವುದು ಅನುಮತಿಯಲ್ಲಿ. ಗಣಕದ ಒಡೆಯನ ಅಥವಾ ಹೊಣೆಗಾರನ ಅನುಮತಿಯಿಲ್ಲದ ಪ್ರವೇಶವು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೆಯ ಪ್ರಕರಣದ ವ್ಯಾಪ್ತಿಗೆ ಬರುತ್ತದೆ. ಅದನ್ನು ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಎಸಗಿದರೆ 66ನೆಯ ಪ್ರಕರಣದ ಅನ್ವಯ 3 ವರ್ಷಗಳವರೆಗೆ ಕಾರಾಗೃಹವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸರ್ಕಾರವು ಸಂರಕ್ಷಿತವೆಂದು ಘೋಷಿಸಿದ ವ್ಯವಸ್ಥೆಗಳ ವಿಷಯದಲ್ಲಿ 70ನೆಯ ಪ್ರಕರಣದ ಪ್ರಕಾರ ಶಿಕ್ಷೆ 10 ವರ್ಷಗಳವರೆಗೆ ಇರಬಹುದು. ಆದುದರಿಂದ ಸರ್ಕಾರಿ ಸರ್ವರ್‌ಗಳಲ್ಲಿ ಕೊನೆಯ ಮಾರ್ಗಗಳನ್ನು ಅನುಸರಿಸುವ ಮುನ್ನ ಲಿಖಿತ ಅನುಮತಿಯನ್ನು ಪಡೆದಿರಬೇಕು.

ಭಾರತದ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಕಾಲ ಕಾಪಾಡಬೇಕು. ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳೊಡನೆ ಹೊಂದಿಕೊಂಡಿರುವ ಸರ್ವರ್‌ಗಳಿಗೆ ಹೊಂದಿಸಬೇಕು. ಅನಧಿಕೃತ ಪ್ರವೇಶವೂ ಸೇರಿದಂತೆ ಪಟ್ಟಿಮಾಡಲಾದ ಘಟನೆಗಳನ್ನು, ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ನಿರ್ವಾಹಕನು ಗಾಬರಿಯಲ್ಲಿ ಮಾಡಿದ ವಿಫಲ ಯತ್ನಗಳೂ ಆ 180 ದಿನಗಳ ದಾಖಲೆಯ ಭಾಗವೇ ಆಗಿರುವುದರಿಂದ, ತೊಂದರೆ ಬಗೆಹರಿದ ನಂತರ ಅವುಗಳನ್ನು ಲಾಗ್‌ನಿಂದ ಅಳಿಸುವಂತಿಲ್ಲ.